ವಿಲೋ ಕೆಳಗಿನ ಮೀನು ಏನು ತಿನ್ನುತ್ತದೆ

ವಿಲೋ ಮರದ ಕೆಳಗಿನ ಮೀನು ಬೆಳಗಿನ ಜಾವ ಏನನ್ನು ತಿನ್ನುತ್ತದೆ ಎಂಬ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಪ್ರಪಂಚದಲ್ಲಿ ಉತ್ತರವಿಲ್ಲದ ಪ್ರಶ್ನೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಬಹುಪಾಲನ್ನು ಡಗಲ್ ರಿಚಿ ಅರವತ್ತು ದಾಟುವ ಹೊತ್ತಿಗೆ ಬೇರೆಯವರಿಗೆ ಬಿಟ್ಟುಕೊಟ್ಟಿದ್ದ. ದೇವರ ಪ್ರಶ್ನೆಯನ್ನು ಹೆಂಡತಿ ಐಲ್ಸಾಗೂ ದೇಶದ ಪ್ರಶ್ನೆಯನ್ನು ರೇಡಿಯೋದವರಿಗೂ ವಹಿಸಿದ ಮೇಲೆ ಅವನ ಪಾಲಿಗೆ ಉಳಿದದ್ದು ಇದೊಂದೇ. ಹಸು ಸಾಕುವ ರೋನಾಳ ಹೊಲದ ಅಂಚಿನಲ್ಲಿ, ಮಟೌರಾ ನದಿಗೆ ಸೇರುವ ತೊರೆಯ ತಿರುವಿನಲ್ಲಿ, ನೀರಿನ ಮೇಲೆ ಬಾಗಿದ ಆ ಮರದ ನೆರಳಿನಲ್ಲಿ, ಮೂರು ಬೇಸಿಗೆಯಿಂದ ಒಂದು ಟ್ರೌಟ್ ಮೀನು ನಿಂತಿತ್ತು. ಬೆಳಕು ಹರಿಯುವ ಹೊತ್ತಿಗೆ ಅದು ಮೇಲೆ ಬಂದು, ನೀರಿಗೆ ಮುತ್ತಿಟ್ಟ ಹಾಗೆ ತುಟಿ ತಾಗಿಸಿ, ಏನನ್ನೋ ತಿಂದು ಕೆಳಗಿಳಿಯುತ್ತಿತ್ತು. ಆ ಏನೋ ಏನು? ಡಗಲ್ ಮತ್ತು ಅವನ ಗೆಳೆಯ ನೆವಿಲ್ ಪಾಸ್ಕೊ ಕೊಕ್ಕೆಗೆ ಗರಿ, ಉಣ್ಣೆ, ಮೊಲದ ಕೂದಲು ಸುತ್ತಿ ಮಾಡಿದ ಹುಸಿನೊಣಗಳನ್ನು ಒಂದಾದ ಮೇಲೊಂದು ಅದರ ಮೂಗಿನ ಮೇಲೆ ತೇಲಿಬಿಟ್ಟಿದ್ದರು. ಮೀನು ಪ್ರತಿಯೊಂದನ್ನೂ ನೋಡಿತ್ತು. ಕೆಲವನ್ನು ಹತ್ತಿರ ಬಂದೇ ನೋಡಿತ್ತು. ಬೇಡವೆಂದು ತಿರುಗಿಕೊಂಡ ಬಗೆಯಲ್ಲಿ ಒಂದು ಸೌಜನ್ಯವಿತ್ತು. ಅದೇ ಇಬ್ಬರಿಗೂ ಸಹಿಸಲಾಗದ್ದು. ಮೀನಿನ ಹೊಟ್ಟೆ ನೋಡಿದರೆ ಉತ್ತರ ಸಿಗುತ್ತಿತ್ತು. ಹೊಟ್ಟೆ ನೋಡಬೇಕಾದರೆ ಹಿಡಿಯಬೇಕು. ಹಿಡಿಯಬೇಕಾದರೆ ಅದು ಏನು ತಿನ್ನುತ್ತದೆಂದು ಗೊತ್ತಿರಬೇಕು. ಹಿಡಿದ ಮೀನನ್ನೆಲ್ಲ ವಾಪಸು ನೀರಿಗೇ ಬಿಡುವ ಆ ಇಬ್ಬರು ಸಾಧುಗಳು ಈ ಒಂದರ ವಿಷಯದಲ್ಲಿ ಮಾತ್ರ ಕೈ ಮೇಲೆ ಕೈ ಹಾಕಿ ಒಪ್ಪಂದ ಮಾಡಿಕೊಂಡಿದ್ದರು: ಇಬ್ಬರೂ ಜೊತೆಯಲ್ಲೇ ಹೋಗಬೇಕು, ಸರದಿಯ ಮೇಲೆ ಎಸೆಯಬೇಕು, ಯಾರಿಗೆ ಸಿಕ್ಕರೂ ಕೊಂದು ಹೊಟ್ಟೆ ನೋಡಬೇಕು. ಒಬ್ಬನೇ ಹೋಗಕೂಡದು.

ಈ ಶುಕ್ರವಾರ ಡಗಲ್ ಒಬ್ಬನೇ ಹೊರಟಿದ್ದ. ನೆವಿಲ್ ಡುನೆಡಿನ್‌ನಲ್ಲಿರುವ ಮಗಳ ಮನೆಗೆ ಹೋಗುತ್ತೇನೆ, ಭಾನುವಾರದ ತನಕ ಬರುವುದಿಲ್ಲ ಎಂದು ಬುಧವಾರ ಹೇಳಿದ್ದ. ಹೇಳಿದ ಗಳಿಗೆಯಿಂದ ಡಗಲ್‌ನ ಒಳಗೆ ಏನೋ ಒಂದು ಎದ್ದು ಕೂತು ಮತ್ತೆ ಮಲಗಲಿಲ್ಲ. ಕತ್ತಲಲ್ಲಿ ರಬ್ಬರ್ ಬೂಟು ಹುಡುಕುತ್ತಿದ್ದಾಗ ಐಲ್ಸಾ ಹೊದಿಕೆಯ ಒಳಗಿಂದಲೇ ಕೇಳಿದಳು: "ನೆವ್ ಊರಲ್ಲಿಲ್ಲ ಅಂದಿದ್ದೆ?"

"ಇಲ್ಲ. ಸುಮ್ನೆ ನೋಡ್ಕೊಂಡ್ ಬರ್ತೀನಿ."

"ನೋಡೋಕೆ ಗಾಳದ ಕೋಲು ಯಾಕೆ?"

ಅವನು ಬೂಟಿಗೆ ಕಾಲು ತೂರಿಸಿದ. ಅವಳು ಉತ್ತರಕ್ಕೆ ಕಾಯದೆ ಮಗ್ಗಲು ಬದಲಿಸಿದಳು. ಮೂವತ್ತೈದು ವರ್ಷ ಜೊತೆಗಿದ್ದವರು ಮಗ್ಗಲು ಬದಲಿಸಿಯೇ ತೀರ್ಪು ಕೊಡುತ್ತಾರೆ. ದಾರಿಯುದ್ದಕ್ಕೂ ಗಾಡಿ ಓಡಿಸುತ್ತ ಅವನು ಆ ಪ್ರಶ್ನೆಗೆ ಒಳ್ಳೊಳ್ಳೆಯ ಉತ್ತರಗಳನ್ನು ಹೊಂದಿಸುತ್ತಿದ್ದ. ಕೋಲು ಇಲ್ಲದೆ ನದಿಗೆ ಹೋದರೆ ಜನ ಏನೆಂದುಕೊಳ್ಳುತ್ತಾರೆ. ಕೋಲಿಗೂ ಗಾಳಿ ಬೇಕು. ಸೇತುವೆಯ ಪಕ್ಕದ ಗೇಟಿಗೆ ಬಂದು ದೀಪ ಆರಿಸಿದಾಗ ಅಲ್ಲಿ ಬೇರೆ ಗಾಡಿ ಇರಲಿಲ್ಲ. ಗೇಟಿನಲ್ಲಿ ಮೊದಲು ಯಾರ ಗಾಡಿ ನಿಂತಿದೆಯೋ, ಅಲ್ಲಿಂದ ಮೇಲಿನ ಹರಿವಿನಲ್ಲಿ ಅಂದು ಗಾಳ ಹಾಕುವ ಹಕ್ಕು ಅವನದು. ಎರಡನೆಯವನು ಟೋಪಿ ಸರಿಪಡಿಸಿಕೊಂಡು ಬೇರೆ ಗೇಟು ನೋಡಿಕೊಳ್ಳಬೇಕು. ಯಾರೂ ಎಲ್ಲೂ ಬರೆದಿಡದ, ಊರಿನ ಜಗಳಗಂಟರೂ ಮುರಿಯದ ಕಟ್ಟಳೆ ಅದು. ಅದರ ಪ್ರಕಾರ ಈ ನೀರು ಈಗ ಡಗಲ್‌ನದು. ನ್ಯಾಯವಾಗಿ ತನ್ನದಾದ ನೀರಿನ ಮುಂದೆ ನಿಂತು ಕಳ್ಳನ ಹಾಗೆ ಬಾಗಿಲನ್ನು ಸದ್ದಾಗದಂತೆ ಮುಚ್ಚುತ್ತಿದ್ದೇನೆಂದು ಅವನಿಗೆ ಗೊತ್ತಾದದ್ದು, ಹಿಂದಿನಿಂದ ನಾಲ್ಕು ಚಕ್ರದ ಮೋಟರ್‌ಬೈಕಿನ ದೀಪ ಅವನ ಬೆನ್ನ ಮೇಲೆ ಬಿದ್ದಾಗ.

ಹಸುಗಳನ್ನು ಹಾಲು ಕರೆಯುವ ಕೊಟ್ಟಿಗೆಗೆ ಹೊಡೆಯಲು ಹೊರಟಿದ್ದ ರೋನಾ ಬೈಕು ನಿಲ್ಲಿಸಿದಳು. ಹಿಂದೆ ಕೂತಿದ್ದ ನಾಯಿಯೂ ಅವನನ್ನು ನೋಡಿತು.

"ಏನ್ ಡಗಲ್, ಇವತ್ತು ಒಂಟಿ ಎತ್ತು?"

"ನೆವ್ ಡುನೆಡಿನ್‌ಗೆ ಹೋಗಿದಾನೆ."

"ಓಹೋ. ಗಂಡ ಊರಲ್ಲಿಲ್ಲ ಅಂತ ಬಂದಿದ್ದೀರಿ ಅನ್ನಿ." ಅವಳು ನಕ್ಕಳು. "ಇನ್ನೂ ಅದೇ ಮೀನಾ? ಇಷ್ಟು ಹೊತ್ತಿಗೆ ನನ್ನ ಹಸುಗಳು ಮೂರ್ಮೂರು ಕರು ಹಾಕಿದ್ವು."

"ಅದು ಏನು ತಿನ್ನುತ್ತೆ ಅಂತ ನೋಡ್ಬೇಕಿತ್ತು ಅಷ್ಟೆ."

"ನನ್ನ ಗಂಡ ಏನು ತಿನ್ನುತ್ತಾನೆ ಅಂತ್ಲೇ ನಂಗೆ ಗೊತ್ತಿಲ್ಲ. ಫ್ರಿಜ್ ಮಾತ್ರ ಖಾಲಿ ಆಗ್ತಿರುತ್ತೆ." ಬೈಕು ಹೊರಡಿಸಿಕೊಂಡು ಹೋಗುತ್ತ ಅವಳು ಕೂಗಿ ಹೇಳಿದಳು: "ಬೇಲೀಲಿ ಕರೆಂಟ್ ಇದೆ, ಜೋಪಾನ!"

ಅವನು ಕೈಯೆತ್ತಿ ಗೊತ್ತು ಎಂದು ಸನ್ನೆ ಮಾಡಿದ. ಗೊತ್ತಿದ್ದೂ, ಗಂಡ ಊರಲ್ಲಿಲ್ಲ ಎಂಬ ಮಾತು ತಲೆಯಲ್ಲಿ ತಿರುಗುತ್ತಿದ್ದುದರಿಂದ, ತಂತಿ ದಾಟುವಾಗ ತೊಡೆಯ ಒಳಬದಿಯನ್ನೇ ತಗುಲಿಸಿಕೊಂಡ. ಹೊಡೆತ ದೊಡ್ಡದಲ್ಲ, ಮರ್ಯಾದೆಗೇ ಬಿದ್ದದ್ದು ಹೆಚ್ಚು. ಮಂಜಿನಲ್ಲಿ ಎಲ್ಲೋ ಒಂದು ಕುರಿ ಮನುಷ್ಯರ ಹಾಗೇ ಕೆಮ್ಮಿತು. ತಾನು ಎಗರಿದ್ದನ್ನು ಅದು ನೋಡಿತೋ ಎಂದು ಡಗಲ್ ಒಂದು ಕ್ಷಣ ನಿಜವಾಗಿಯೂ ಯೋಚಿಸಿದ. ಇಬ್ಬನಿಗೆ ಒದ್ದೆಯಾದ ಹುಲ್ಲು ಬೂಟಿಗೆ ಸವರುತ್ತಿತ್ತು. ಹಾಲಿನ ಯಂತ್ರದ ಗುಂಯ್‌ ಸದ್ದು ಶುರುವಾಗಿತ್ತು. ನೆವಿಲ್ ಜೊತೆಗಿದ್ದರೆ ಈ ಹೊತ್ತಿಗೆ ಅವನ ಮೇಲಿನ ಹಲ್ಲಿನ ಸೆಟ್ಟು ಟಕ್ ಟಕ್ ಅನ್ನುತ್ತಿರಬೇಕಿತ್ತು. ನಡೆಯುವಾಗ ಅವನು ಅದನ್ನು ನಾಲಿಗೆಯಿಂದ ಎತ್ತಿ ಇಳಿಸುತ್ತಾನೆ. ಆ ಸೆಟ್ಟನ್ನು ಮಾಡಿದವನು ಡಗಲ್‌ನೇ. ಗೋರ್ ಪೇಟೆಯ ಹಿಂದಿನ ಓಣಿಯಲ್ಲಿ ಅವನು ಬಹಳ ವರ್ಷ ಕಟ್ಟುಹಲ್ಲು ಮಾಡುತ್ತಿದ್ದ. ಸುತ್ತಲಿನ ಅರ್ಧ ಊರಿನ ಬಾಯಿಯ ಅಚ್ಚು ಬಿಳಿ ಗಾರೆಯಲ್ಲಿ ಅವನ ಕಪಾಟಿನ ಮೇಲೆ ಸಾಲಾಗಿ ಕೂತಿರುತ್ತಿತ್ತು. ಮೋಯಿರಾ ತೀರಿಕೊಂಡ ಚಳಿಗಾಲದಲ್ಲೇ ನೆವಿಲ್ ಹಲ್ಲೆಲ್ಲ ಕೀಳಿಸಿಕೊಂಡು ಬಂದದ್ದು. ಹೆಂಡತಿಯನ್ನು ಕಳೆದುಕೊಂಡವನ ವಸಡನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತ ಡಗಲ್‌ಗೆ, ಒಬ್ಬ ಮನುಷ್ಯನ ದುಃಖದ ಇಷ್ಟು ಸಮೀಪಕ್ಕೆ ಕೈ ಹಾಕುವುದು ಸರಿಯೇ ಎಂದು ಅನ್ನಿಸಿತ್ತು. ನೋವಾಗ್ತಿದೆಯಾ ಎಂದು ಕೇಳಿದ್ದಕ್ಕೆ ನೆವಿಲ್ ಬಾಯಿ ತೆರೆದುಕೊಂಡೇ ಆಁ ಅಂದಿದ್ದ. ಅದು ಹೌದೋ ಅಲ್ಲವೋ ಇವತ್ತಿಗೂ ತಿಳಿಯದು.

ಹಲ್ಲು ಮಾಡಿಕೊಟ್ಟವನಿಗೆ ಜನ ಅದರಿಂದ ಏನು ತಿಂದರೆಂದು ಯಾವತ್ತೂ ತಿಳಿಯುವುದಿಲ್ಲ. ಅವರು ಕನ್ನಡಿಯಲ್ಲಿ ನಕ್ಕು ನೋಡಿಕೊಂಡು ಹೊರಟುಹೋಗುತ್ತಾರೆ. ಒಬ್ಬ ಮುದುಕಿ ಮಾತ್ರ ವಾಪಸು ಬಂದು, ಈ ಹಲ್ಲಿಗೆ ಕುರಿಮಾಂಸದ ರುಚಿ ಗೊತ್ತಾಗೋದಿಲ್ಲ ಎಂದು ದೂರಿದ್ದಳು. ರುಚಿ ನಾಲಿಗೆಗಮ್ಮ, ಹಲ್ಲಿಗಲ್ಲ ಎಂದು ಅವನು ತಿಳಿಹೇಳಿ ಕಳಿಸಿದ್ದ. ಆಮೇಲೆ ಅನೇಕ ರಾತ್ರಿ ಅವಳು ಹೇಳಿದ್ದೇ ಸರಿಯಿರಬಹುದೇ ಎಂದು ಕುತೂಹಲ ಕಾಡಿತ್ತು. ಎಂಥ ಕುತೂಹಲವನ್ನಾದರೂ ಅವನು ಒಂದು ಅಳತೆಗೆ ತಂದು ಅಚ್ಚಿನಲ್ಲಿ ಕೂರಿಸಬಲ್ಲ. ವಿಲೋ ಕೆಳಗಿನ ಮೀನು ಮಾತ್ರ ಅಚ್ಚಿಗೆ ಬಾಯಿ ಕೊಡಲಿಲ್ಲ.

ತಿರುವಿಗೆ ಬಂದು ಅವನು ಮಂಡಿಯೂರಿ ಕೂತ. ಮೀನು ಹರಿವಿಗೆ ಎದುರು ಮುಖ ಮಾಡಿ ನಿಲ್ಲುತ್ತದಾದ್ದರಿಂದ ಅದರ ಬೆನ್ನ ಹಿಂದಿನಿಂದಲೇ ಹೋಗಬೇಕು. ಒಂದು ಕಲ್ಲು ಜರುಗಿದರೂ ಸಾಕು, ಅಂದಿನ ಬೆಳಗು ಮುಗಿದ ಹಾಗೆ. ನೀರು ಇನ್ನೂ ಬಣ್ಣವಿಲ್ಲದ್ದಾಗಿತ್ತು. ಆಚೆ ದಡದಲ್ಲಿ ಎರಡು ಕಾಡುಬಾತುಗಳು ಗಂಡಹೆಂಡಿರ ಹಾಗೆ ಒಂದರ ಮಾತನ್ನು ಒಂದು ಕತ್ತರಿಸುತ್ತ ದೂರುತ್ತಿದ್ದವು. ಆಮೇಲೆ ಮರದ ಕೆಳಗೆ ಒಂದು ಉಂಗುರ ಹುಟ್ಟಿ, ಅಗಲವಾಗಿ, ದಡಕ್ಕೆ ತಾಗದೆಯೇ ಹರಿವಿನಲ್ಲಿ ಕರಗಿತು. ಇದ್ದಾನೆ. ಡಗಲ್‌ನ ಎದೆ ಇನ್ನೂ ಇಪ್ಪತ್ತರ ಹುಡುಗನ ಎದೆಯ ಹಾಗೆ ಹೊಡೆದುಕೊಂಡಿತು. ಐಲ್ಸಾಗೆ ಇದು ಗೊತ್ತಾದರೆ ಏನನ್ನುತ್ತಾಳೋ. ಇನ್ನೊಂದು ಉಂಗುರ. ಬಾಯಿ ಬಿಳಿಯಾಗಿ ಒಮ್ಮೆ ಕಂಡಿತು, ಒಳಗಿನ ಬಿಳಿ. ಏನನ್ನೋ ತೆಗೆದುಕೊಂಡಿತು. ಕಣ್ಣು ಕಿರಿದಾಗಿಸಿ ನೋಡಿದರೂ ನೀರಿನ ಮೇಲೆ ಏನೂ ಕಾಣದು. ಇರುವೆಯೇ, ನೀರಿನ ಪಾಚಿಯಲ್ಲಿ ಹುಟ್ಟುವ ಸಣ್ಣ ನೊಣವೇ, ರೆಕ್ಕೆ ಒಣಗದ ಮರಿಯೇ, ಎಲೆಯಿಂದ ಉದುರುವ ಹಳದಿ ಹುಳವೇ? ಹಳದಿ ಹುಳ ಅಲ್ಲ. ವಿಲೋ ಎಲೆಯ ಕೆಂಪು ಗಂಟಿನೊಳಗಿನಿಂದ ಉದುರುವ ಆ ಹುಳವನ್ನು ಬೇಸಿಗೆಯ ಕೊನೆಯಲ್ಲಿ ಈ ಕಡೆಯ ಮೀನೆಲ್ಲ ತಿನ್ನುತ್ತವೆ, ನಿನ್ನೆ ಮೊನ್ನೆ ಗಾಳ ಹಿಡಿದವನಿಗೂ ಅದು ಗೊತ್ತು. ಮೊದಲ ದಿನ ಅವರು ಹಾಕಿದ್ದೇ ಅದನ್ನು. ಮೋಯಿರಾಳ ಹಳೆಯ ಹಳದಿ ಸ್ವೆಟರಿನ ಒಂದು ಎಳೆ ಬಿಚ್ಚಿ ನೆವಿಲ್ ಅದನ್ನು ಕೊಕ್ಕೆಗೆ ಸುತ್ತಿ ತಂದಿದ್ದ. ಮೀನು ಒಪ್ಪಲಿಲ್ಲ. "ಅವಳನ್ನ ನುಂಗೋಕೆ ನನ್ನ ಕೈಲೇ ಆಗ್ಲಿಲ್ಲ, ಇವನ ಕೈಲಿ ಆಗುತ್ತಾ" ಎಂದು ನಕ್ಕು ನೆವಿಲ್ ಅದನ್ನು ಟೋಪಿಯ ಅಂಚಿಗೆ ಚುಚ್ಚಿಕೊಂಡ. ಇವತ್ತಿಗೂ ಅಲ್ಲೇ ಇದೆ. ಆಮೇಲೆ ಅವನು ಮತ್ತೆ ಹಳದಿಗೆ ಕೈ ಹಾಕಲಿಲ್ಲ. ರಾತ್ರಿಯೆಲ್ಲ ಅಡುಗೆಮನೆಯ ಮೇಜಿನ ಮೇಲೆ ದೀಪ ಹಚ್ಚಿಕೊಂಡು ಬೇರೆ ಬೇರೆ ಜಂತುಗಳನ್ನು ಹುಟ್ಟಿಸುತ್ತಿದ್ದ. ಇತ್ತೀಚಿನದು ಅವನ ನಾಯಿ ಬೆಸ್ಸಿಯ ಬಾಲದ ಕಪ್ಪು ಕೂದಲಿನದು. ಅದರಲ್ಲೊಂದನ್ನು ಬುಧವಾರ ಡಗಲ್‌ನ ಅಂಗೈಯಲ್ಲಿಟ್ಟು, ಇದು ಅವನಿಗೆ ಬೇಡ ಅನ್ನೋಕಾಗಲ್ಲ ಕಣೋ, ಭಾನುವಾರ ನೋಡೋಣ ಎಂದಿದ್ದ. ಅದನ್ನೇ ಈಗ ಡಗಲ್ ದಾರದ ತುದಿಗೆ ಕಟ್ಟುತ್ತಿದ್ದ. ಗೆಳೆಯನ ಬೆನ್ನ ಹಿಂದೆ ಗೆಳೆಯನದೇ ನೊಣ.

ಎಸೆತ ಚೆನ್ನಾಗಿಯೇ ಬಿತ್ತು. ಕಪ್ಪು ಚುಕ್ಕೆ ಕೊಂಬೆಯ ಕೆಳಗೆ ತೇಲಿ ಬಂತು; ಮೀನು ಎದ್ದಿತು; ಹತ್ತಿರ ಬಂದಿತು; ನೋಡಿತು. ಈ ನೋಟಕ್ಕಾಗಿಯೇ ತಾನು ಇಷ್ಟು ದೂರ ಬರುವುದೋ ಏನೋ ಎಂದು ಡಗಲ್‌ಗೆ ಒಮ್ಮೊಮ್ಮೆ ಅನ್ನಿಸುವುದುಂಟು. ಇಷ್ಟು ಗಮನವಿಟ್ಟು ಅವನು ಮಾಡಿದ್ದನ್ನು ಬೇರೆ ಯಾರೂ ನೋಡಿರಲಿಲ್ಲ. ಆಮೇಲೆ ಮೀನು, ಎಂದಿನ ಸೌಜನ್ಯದಿಂದ, ತಿರುಗಿತು. ತಿರುಗಿದ ರಭಸಕ್ಕೆ ನೀರು ಸುಳಿಯಿತು, ಸುಳಿದದ್ದನ್ನು ಕಂಡ ಕೈ ಯಜಮಾನನನ್ನು ಕೇಳದೆ ಕೋಲನ್ನು ಎಳೆಯಿತು. ದಾರ ಬಿಗಿಯಿತು. ಬಿಗಿದೇ ಉಳಿಯಿತು. ದಾರ ಸುತ್ತಿದ ರಾಟೆ ಕೂಗಿಕೊಂಡಿತು. ಬಾತುಗಳೆರಡೂ ಬೈಯುತ್ತ ಹಾರಿಹೋದವು. ಡಗಲ್ ತೊಡೆಮಟ್ಟದ ನೀರಿನಲ್ಲಿ ಮುಗ್ಗರಿಸುತ್ತ, ದೇವರೇ ದೇವರೇ ಎಂದು ಐಲ್ಸಾಳ ಇಲಾಖೆಯವನನ್ನು ಕರೆಯುತ್ತ, ಮೀನಿನ ಹಿಂದೆ ಹೋದ. ಅದು ವಿಚಿತ್ರವಾಗಿ ಅಡ್ಡಡ್ಡವಾಗಿ ಎಳೆಯುತ್ತಿತ್ತು, ಅದರ ಗಾತ್ರಕ್ಕಿಂತ ಭಾರವಾಗಿ. ಹಾಗೆ ಎಳೆಯುವುದೆಂದರೆ ಏನರ್ಥವೆಂದು ಅವನಿಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಕೈಬಲೆಯೊಳಗೆ ಅದು ಹೊರಳಿದಾಗ ಕಪ್ಪು ನೊಣ ಬಾಯಲ್ಲಿರಲಿಲ್ಲ. ಬೆನ್ನಿನ ರೆಕ್ಕೆಯ ಬುಡದಲ್ಲಿ, ಕೋಟಿಗೆ ಸಿಕ್ಕಿಕೊಂಡ ಮುಳ್ಳಿನ ಹಾಗೆ ಅಂಟಿಕೊಂಡಿತ್ತು.

ಬಾಯಿಗೆ ಸಿಕ್ಕದ ಮೀನು ಸಿಕ್ಕ ಮೀನಲ್ಲ. ಅದು ಆ ದೇಶದ ಕಾನೂನೂ ಹೌದು. ಕಾನೂನು ಇಲ್ಲದಿದ್ದರೂ ಡಗಲ್‌ನ ತಂದೆ, ಅವನ ತಂದೆ, ಸತ್ತುಹೋದ ಎಲ್ಲ ಗಾಳಗಾರರೂ ದಡದ ಮೇಲೆ ಸಾಲಾಗಿ ಬಂದು ನಿಂತು ಹೇಳುತ್ತಿದ್ದರು. ಮೀನು ತಾನೇ ಬಾಯಿ ತೆರೆದು ಒಪ್ಪಬೇಕು. ಒಪ್ಪದ್ದನ್ನು ಮೈಗೆ ಕೊಕ್ಕೆ ಹಾಕಿ ಎಳೆದು ತಂದವನು ಕಳ್ಳ. ತಕ್ಷಣ ಬಿಡಬೇಕು. ಅವನು ಕೊಕ್ಕೆ ಬಿಡಿಸಿದ. ಒಂದು ಹುರುಪೆ ಅದರ ಜೊತೆಗೆ ಬಂತು. ಮೀನು ಬಲೆಯೊಳಗೆ, ನೀರಿನಲ್ಲಿಯೇ, ಕಿವಿರು ತೆರೆದು ಮುಚ್ಚುತ್ತ ಇತ್ತು. ಅವನು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ. ಕೆಳದವಡೆ ಕೊಕ್ಕಿನಂತೆ ಬಾಗಿತ್ತು. ಇಂಥ ಬಾಯಿಗೆ ಸೆಟ್ಟು ಕೂರಿಸುವುದು ಕಷ್ಟ ಎಂದು ಅವನ ಹಳೆಯ ಮನಸ್ಸು ಹೇಳಿತು. ಉತ್ತರ ಒಂದು ಗೇಣು ದೂರದಲ್ಲಿತ್ತು, ಆ ಬೆಳ್ಳಗಿನ ಹೊಟ್ಟೆಯ ಚರ್ಮದ ಆಚೆ. ಬೆರಳಿನಿಂದ ಒತ್ತಿದರೆ ಮೆತ್ತಗೆ ತುಂಬಿಕೊಂಡದ್ದು ತಿಳಿಯುತ್ತಿತ್ತು. ಯಾರೂ ಇಲ್ಲ. ರೋನಾ ಕೊಟ್ಟಿಗೆಯಲ್ಲಿದ್ದಾಳೆ, ನೆವಿಲ್ ಡುನೆಡಿನ್‌ನಲ್ಲಿ ಮಗಳು ಮಾಡಿದ ಗಂಜಿಯ ಮುಂದೆ ಕೂತಿದ್ದಾನೆ. ತಿಳಿದುಕೊಳ್ಳಬೇಕೆಂಬ ಆಸೆ ಪಾಪವೇ? ತಿಳಿದುಕೊಂಡದ್ದನ್ನು ಯಾರಿಗೂ ಹೇಳದೆ ಬಾಳುವುದು ಸಾಧ್ಯವೇ? ಸಾಧ್ಯವಿಲ್ಲ ಎಂದೇ ಅವನಿಗೆ ಅನ್ನಿಸಿತು. ಪಾಪದ ಭಯಕ್ಕಿಂತ ಆ ಅನ್ನಿಸಿಕೆಯೇ ಗೆದ್ದಿತು. ನೆವಿಲ್‌ಗೆ ಹೇಳಲಾಗದ ಉತ್ತರ ಉತ್ತರವೇ ಅಲ್ಲ. ಅವನು ಬಲೆಯ ಅಂಚನ್ನು ನೀರೊಳಗೆ ಇಳಿಸತೊಡಗಿದ.

"ಬಲೆ ಎತ್ತೋ! ತಪ್ಪಿಸ್ಕೊಂತಾನೆ, ಎತ್ತೋ ಮೇಲಕ್ಕೆ!"

ಕೈ ತಾನಾಗಿ ಬಲೆಯನ್ನು ಎತ್ತಿತು. ದಡದ ಹುಲ್ಲಿನ ಮೇಲೆ ನೆವಿಲ್ ಪಾಸ್ಕೊ ಓಡುತ್ತ ಬರುತ್ತಿದ್ದ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಟೋಪಿ. ಡುನೆಡಿನ್‌ನಲ್ಲಿರಬೇಕಾದವನು ಇಲ್ಲಿ ಹೇಗೆ ಎಂದು ಡಗಲ್ ಕೇಳಲಿಲ್ಲ. ನೀನು ಒಬ್ಬನೇ ಇಲ್ಲೇನು ಮಾಡುತ್ತಿದ್ದೀ ಎಂದು ನೆವಿಲ್ ಕೂಡ ಕೇಳಲಿಲ್ಲ. ನೀರಿಗೆ ಇಳಿದು, ಏದುಸಿರು ಬಿಡುತ್ತ ಬಲೆಯೊಳಗೆ ನೋಡಿದ.

"ಅವನೇ."

"ಅವನೇ."

"ಯಾವ ನೊಣ?"

"ನಿಂದೇ. ಬೆಸ್ಸಿ ಬಾಲದ್ದು."

ನೆವಿಲ್‌ನ ಮುಖದಲ್ಲಿ ಆಗ ಆದದ್ದನ್ನು ಡಗಲ್ ಹಿಂದೆ ಒಂದೇ ಸಲ ಕಂಡಿದ್ದ. ಹೊಸ ಹಲ್ಲು ಕೂರಿಸಿ ಕನ್ನಡಿ ಹಿಡಿದ ದಿನ ಅವನು ಮೊದಲು ಅನುಮಾನದಿಂದ, ಆಮೇಲೆ ತನಗೇ ನಾಚಿಕೆಯಾದ ಹಾಗೆ, ಮೋಯಿರಾ ಸತ್ತ ಮೇಲೆ ಮೊದಲ ಸಲ ನಕ್ಕಿದ್ದ.

"ನಾನು ಹೇಳ್ಲಿಲ್ವಾ?" ಎಂದ ನೆವಿಲ್. "ಹೇಳ್ಲಿಲ್ವಾ ನಾನು? ಬಾಯಲ್ಲೇ ತಾನೆ?"

ನೀರು ಇಬ್ಬರ ತೊಡೆಗಳ ನಡುವೆ ಹರಿಯುತ್ತಿತ್ತು. ಕಪ್ಪು ನೊಣ ದಾರದ ತುದಿಯಲ್ಲಿ ಯಾರ ಪರವಾಗಿಯೂ ಸಾಕ್ಷಿ ಹೇಳದೆ ತೂಗಾಡುತ್ತಿತ್ತು.

"ಬಾಯಲ್ಲೇ," ಎಂದ ಡಗಲ್.

"ಮತ್ತೇನು ನೋಡ್ತೀಯ? ಪಾದ್ರಿನ ಕರಿ."

ಮೀನಿನ ತಲೆಗೆ ಹೊಡೆಯುವ ಗಿಡ್ಡ ದೊಣ್ಣೆಗೆ ಗಾಳಗಾರರು ಪಾದ್ರಿ ಎಂದು ಹೆಸರಿಟ್ಟಿದ್ದಾರೆ, ಕೊನೆಯ ಗಳಿಗೆಗೆ ಬರುವವನಾದ್ದರಿಂದ. ಡಗಲ್‌ನ ಪಾದ್ರಿ ಇಷ್ಟು ವರ್ಷ ಜೇಬಿನಲ್ಲೇ ನಿದ್ದೆ ಮಾಡಿದವನು. ದಡಕ್ಕೆ ಬಂದು, ಮೀನಿನ ಕಣ್ಣನ್ನು ನೋಡದೆ, ಅವನು ಹೊಡೆದ. ಮೊದಲ ಏಟು ಸರಿಯಾಗಿ ಬೀಳಲಿಲ್ಲ. ಎರಡನೆಯದು ಬಿತ್ತು. ಮೀನು ಉದ್ದಕ್ಕೂ ಒಮ್ಮೆ ನಡುಗಿ, ಬಣ್ಣ ಕಳೆದುಕೊಳ್ಳತೊಡಗಿತು. ಒಂದು ಪದ ಹೇಳಿದ್ದಕ್ಕೆ ಒಂದು ಜೀವ ಹೋಯಿತು ಎಂದು ದೊಡ್ಡದಾಗಿ ಯೋಚಿಸಲು ಅವನು ನೋಡಿದ. ಮನಸ್ಸು ಅಲ್ಲಿ ನಿಲ್ಲಲಿಲ್ಲ. ನಾಚಿಕೆಯಿಲ್ಲದ ಅದು ಆಗಲೇ ನೆವಿಲ್‌ನ ಕೈ ಜೇಬಿನಿಂದ ತೆಗೆಯುತ್ತಿದ್ದ ಉದ್ದ ತೆಳು ಚಮಚದ ಕಡೆಗೆ ಓಡಿತ್ತು.

ನೆವಿಲ್ ತಿಂಡಿಯ ಡಬ್ಬಿ ತೆರೆದು, ಎರಡು ಚೀಸ್ ರೋಲುಗಳನ್ನು ಹುಲ್ಲಿನ ಮೇಲಿಟ್ಟು, ಬಿಳಿ ಮುಚ್ಚಳದಲ್ಲಿ ಒಂದಷ್ಟು ನೀರು ತುಂಬಿದ. ಚಮಚವನ್ನು ಮೀನಿನ ಗಂಟಲಿನೊಳಗೆ ನಿಧಾನವಾಗಿ ಇಳಿಸಿ, ಅರ್ಧ ತಿರುವು ತಿರುಗಿಸಿ, ಹೊರಗೆ ಎಳೆದ. ಅದರ ಹಳ್ಳದಲ್ಲಿ ಒಂದು ಕಪ್ಪಗಿನ ಮುದ್ದೆ ಕೂತಿತ್ತು. ಮುಚ್ಚಳದ ನೀರಿಗೆ ಹಾಕಿ ಹುಲ್ಲುಕಡ್ಡಿಯಿಂದ ಬಿಡಿಸಿದ. ಇಬ್ಬರೂ ಮಂಡಿಯೂರಿ ಬಾಗಿದರು. ತಲೆಗೆ ತಲೆ ತಾಗಿತು. ಯಾರೂ ಹಿಂದೆ ಸರಿಯಲಿಲ್ಲ. ಆ ಹೊತ್ತಿನಲ್ಲಿ ಡಗಲ್‌ಗೆ ಸುಳ್ಳು ನೆನಪಿರಲಿಲ್ಲ. ಮೂರು ಬೇಸಿಗೆ ಮೊದಲಿನಿಂದ ಈ ಬಿಳಿ ಮುಚ್ಚಳದ ಮೇಲೆ ಬಾಗಲು ತಾವಿಬ್ಬರೂ ನಡೆದು ಬರುತ್ತಿದ್ದೆವು, ಈಗ ಮುಟ್ಟಿದೆವು ಎಂಬುದಷ್ಟೇ ಇತ್ತು. ಬೆಳಕು ಸಾಲದೆಂದು ನೆವಿಲ್ ಮುಚ್ಚಳವನ್ನು ಪೂರ್ವಕ್ಕೆ ತಿರುಗಿಸಿದ. ಮುದ್ದೆ ಬಿಡಿಬಿಡಿಯಾಯಿತು. ನೀರಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕವು, ಹಳದಿಯವು, ಒಂದರ ಪಕ್ಕ ಒಂದು ತೇಲತೊಡಗಿದವು. ಎಲ್ಲವೂ ಒಂದೇ ಬಗೆ.

"ವಿಲೋ ಹುಳ," ಎಂದ ನೆವಿಲ್.

"ಕೆಳಗೆ ಇನ್ನೇನಾದ್ರೂ ಇದೆಯಾ ನೋಡು."

ನೆವಿಲ್ ಚಮಚವನ್ನು ಮತ್ತೆ ಇಳಿಸಿದ. ಮತ್ತಷ್ಟು ಹಳದಿ ಬಂತು. "ಬರೀ ವಿಲೋ ಹುಳ ಕಣೋ. ಮೊದಲನೇ ದಿನ ನಾವು ಹಾಕಿದ್ದೇ ಅದನ್ನ."

"ಹೌದು."

"ಎಲ್ಲಾ ಮೀನೂ ತಿನ್ನೋದನ್ನೇ ಇವನೂ ತಿಂತಿದ್ದ."

"ಹೌದು."

ಹಾಲಿನ ಯಂತ್ರದ ಸದ್ದು ನಿಂತಿತ್ತು. ನೆವಿಲ್ ಹುಲ್ಲುಕಡ್ಡಿಯಿಂದ ಹುಳಗಳನ್ನು ಒಂದು ಮೂಲೆಗೆ ತಳ್ಳುತ್ತ, ನಾಲಿಗೆಯಿಂದ ಹಲ್ಲಿನ ಸೆಟ್ಟನ್ನು ಎತ್ತಿ ಇಳಿಸಿದ. ಟಕ್. ಡಗಲ್‌ಗೆ ಆ ಸದ್ದಿನ ಅರ್ಥ ಗೊತ್ತಿತ್ತು, ಅವನು ಯೋಚಿಸುತ್ತಿದ್ದಾನೆ.

"ಗಂಟಲ ತನಕ ಹಳದಿ ತುಂಬ್ಕೊಂಡಿರೋನು," ಎಂದ ನೆವಿಲ್ ನಿಧಾನವಾಗಿ, "ಬೆಸ್ಸಿ ಬಾಲಕ್ಕೆ ಯಾಕೆ ಬಾಯಿ ಹಾಕ್ದ?"

ಆಗಲೂ ಆ ದನಿಯಲ್ಲಿ ಅನುಮಾನವಿರಲಿಲ್ಲ. ಡಗಲ್‌ನನ್ನು ಕುಗ್ಗಿಸಿದ್ದು ಅದೇ. ಇದ್ದದ್ದು ಬರೀ ಕುತೂಹಲ, ಅವನದೇ ಕುತೂಹಲ, ಇಷ್ಟು ಕಾಲ ಇಬ್ಬರೂ ಹಂಚಿಕೊಂಡು ತಿಂದದ್ದು. ರುಚಿ ಬದಲಾಯಿಸೋಕೆ ಇರಬಹುದು ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ನೆವಿಲ್ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಮೀನಿನ ಬಾಯೊಳಗೆ ಹಾಕಿ, ಮೇಲ್ದವಡೆ, ಕೆಳದವಡೆ, ಮೂಲೆಗಳನ್ನು ಸವರಿ ನೋಡಿದ, ಒಂದು ಕಾಲದಲ್ಲಿ ಡಗಲ್ ಅವನ ವಸಡನ್ನು ಸವರಿ ನೋಡಿದ ಹಾಗೆಯೇ. ಗಾಯ ಎಲ್ಲೂ ಇರಲಿಲ್ಲ. ಬೆರಳು ತೆಗೆದು, ಮೀನನ್ನು ಮಗುಚಿದ. ಬೆನ್ನಿನ ರೆಕ್ಕೆಯ ಬುಡದಲ್ಲಿ ಹುರುಪೆ ಎದ್ದ ಜಾಗ ಕೆಂಪಗಿತ್ತು. ಅಲ್ಲೇ ಅವನ ಹೆಬ್ಬೆರಳು ಸ್ವಲ್ಪ ಹೊತ್ತು ನಿಂತಿತು.

"ನೆವ್," ಎಂದ ಡಗಲ್.

"ಡುನೆಡಿನ್‌ನಲ್ಲಿ ಮಳೆಯಂತೆ," ಎಂದ ನೆವಿಲ್, ಮೀನನ್ನು ನೋಡುತ್ತಲೇ.

"ನಿಂಗ್ಯಾರು ಹೇಳಿದ್ರು?"

"ರೇಡಿಯೋದಲ್ಲಿ ಹೇಳಿದ್ರು."

ಸೇತುವೆಯ ಕಡೆ ಡಗಲ್ ಕಣ್ಣು ಹಾಯಿಸಿದ. ಗೇಟಿನಲ್ಲಿ ಅವನ ಗಾಡಿಯ ಹಿಂದೆ ನೆವಿಲ್‌ನ ಹಸಿರು ಗಾಡಿ ನಿಂತಿತ್ತು. ತನ್ನ ಹಾಗೆಯೇ ಕದ್ದು ಒಬ್ಬನೇ ಹೊರಟು, ಎರಡನೆಯವನಾಗಿ ಬಂದು, ಗೇಟಿನಲ್ಲಿದ್ದ ಗಾಡಿ ಯಾರದೆಂದು ಗುರುತು ಹಿಡಿದು, ಕಟ್ಟಳೆಯಂತೆ ಬೇರೆ ಗೇಟಿಗೆ ಹೋಗದೆ ಹೊಲ ದಾಟಿ ಓಡಿ ಬಂದವನು ದಾರಿಯುದ್ದಕ್ಕೂ ಏನೇನು ಬೈಗುಳ ಹೊಂದಿಸಿಕೊಂಡು ಬಂದಿದ್ದನೋ! ಬಲೆಯಲ್ಲಿ ಮೀನು ಕಂಡದ್ದೇ ಅದೆಲ್ಲ ಮರೆತುಹೋಗಿತ್ತು.

"ಬೇಲೀಲಿ ಕರೆಂಟ್ ಹೊಡೀತಾ?" ಎಂದು ಕೇಳಿದ ಡಗಲ್.

"ಹೊಡೀತು. ಎಲ್ಲಿ ಅಂತ ಕೇಳ್ಬೇಡ."

"ನಂಗೂ ಅಲ್ಲೇ."

ನೆವಿಲ್ ನಗಲಿಲ್ಲ. ನಗುವಿಗೆ ಹತ್ತಿರವಾದದ್ದೇನೋ ಬಾಯಿಯ ಮೂಲೆಗೆ ಬಂದು, ಅಲ್ಲಿ ಸರಿಯಾಗಿ ಕೂರದೆ ಹೋಯಿತು. ಅವನು ಟೋಪಿಯ ಅಂಚಿನಿಂದ ಮೋಯಿರಾಳ ಹಳದಿ ನೊಣವನ್ನು ಬಿಡಿಸಿ ಮುಚ್ಚಳದ ನೀರಿಗೆ, ಹುಳಗಳ ನಡುವೆ ಇಳಿಸಿದ. ಗಾತ್ರ ಅದೇ. ಬಣ್ಣವೂ ಅದೇ ಎನ್ನಬಹುದಿತ್ತು. ಇಬ್ಬರೂ ಬಹಳ ಹೊತ್ತು ನೋಡಿದರು. ಯಾವುದು ಯಾವುದೆಂದು ಕೊಕ್ಕೆಯೊಂದನ್ನು ಬಿಟ್ಟರೆ ಹೇಳಲು ಆಗುತ್ತಿರಲಿಲ್ಲ.

"ಮತ್ಯಾಕೆ ಬೇಡ ಅಂದ?" ಎಂದ ನೆವಿಲ್.

ಚೀಸ್ ರೋಲಿನಲ್ಲಿ ಒಂದನ್ನು ಡಗಲ್‌ನ ಕಡೆ ತಳ್ಳಿದ. ಮೀನನ್ನು ಒಯ್ಯಲು ನೆವಿಲ್ ಒಪ್ಪಲಿಲ್ಲ. ಡಗಲ್ ಮನೆಗೆ ಒಯ್ದ. ಐಲ್ಸಾ ಅದನ್ನು ಬೆಣ್ಣೆಯಲ್ಲಿ ಹುರಿದಳು. ಮಣ್ಣಿನ ವಾಸನೆ ಇತ್ತು.

ಮುಂದಿನ ವಾರ ಇಬ್ಬರೂ ಒಂದೇ ಗಾಡಿಯಲ್ಲಿ ಹೋದರು. ವಿಲೋ ಕೆಳಗಿನ ಆ ಜಾಗಕ್ಕೆ ಬೇರೊಂದು ಮೀನು ಬಂದು ನಿಂತಿತ್ತು. ಅದು ಏನನ್ನು ತಿನ್ನುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹಳದಿ ನೊಣವನ್ನೇ ಹಾಕಿದರು, ಸರದಿಯ ಮೇಲೆ. ಮೀನು ಮುಟ್ಟಲಿಲ್ಲ.